ಅರ್ಧಕ್ಕೆ ನಿಂತ ಕೈ

ಹಬೀಬುರ್ರಹ್ಮಾನ್ ಮೂಡಿಗೆರೆ, ಆಲ್ದೂರು ಸುತ್ತಿನ ಮದುವೆಗಳಿಗೆ ಬಿರಿಯಾನಿ ಮಾಡುವವನು. ಮಳೆ ಹಿಡಿದ ಮೇಲೆ ಮದುವೆಗಳಿರುವುದಿಲ್ಲ, ಸುಮ್ಮನೆ ಕೂರುವುದು ಅವನಿಗೆ ಆಗದು. ಹೋದ ವರ್ಷ ಹಜ್ ಯಾತ್ರಿಕರನ್ನು ಕರೆದೊಯ್ಯುವ ಏಜೆಂಟರೊಬ್ಬರು, "ಸೀಸನ್ ಮುಗಿಯೋ ತನಕ ಮಕ್ಕಾದಲ್ಲಿ ಅಡುಗೆಗೆ ಬರ್ತೀರಾ?" ಎಂದು ಕೇಳಿದರು. ಮೂರು ತಿಂಗಳ ಕೆಲಸ. ಹಬೀಬ ಯೋಚಿಸದೆ ಹೂಂ ಅಂದುಬಿಟ್ಟ.

ಯೋಚಿಸಬೇಕಾಗಿತ್ತು ಎಂದು ಅವನಿಗೆ ಅನಿಸಿದ್ದು ಅಲ್ಲಿ ಇಳಿದ ಮೇಲೆ. ಹೆಂಡತಿ ರಹೀಮಾಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಗೆ ಹೋದವಳಲ್ಲವಾದ್ದರಿಂದ ಓದಲೂ ಬಾರದು. ಗಂಡ ಹೆಂಡತಿ ಮಾತಾಡುವುದು, ಜಗಳವಾಡುವುದು, ನಗುವುದು ಎಲ್ಲವೂ ಕೈಸನ್ನೆಯಲ್ಲಿ. ಆ ಸನ್ನೆಗಳನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಮನೆಯಲ್ಲೇ ಹುಟ್ಟಿಕೊಂಡವು.

ಮೊದಲ ದಿನ ಊರಿಗೆ ಫೋನ್ ಮಾಡಿದ್ದು ಜೊತೆಯ ಅಡುಗೆಯವನಾದ ಪುತ್ತೂರಿನ ಅಸದ್‌ನ ಮೊಬೈಲಿನಿಂದ. ಎತ್ತಿದವಳು ಮಗಳು ಫಿಜಾ.

"ಅಬ್ಬಾ, ಅಮ್ಮಿ ಇಲ್ಲೇ ಇದಾಳೆ. ಊಟ ಆಯ್ತಾ ಅಂತ ಕೇಳ್ತಿದಾಳೆ."

"ಆಯ್ತು ಅನ್ನು. ಅವಳು ಹೇಗಿದಾಳೆ?"

"ಚೆನ್ನಾಗಿದೀನಿ ಅಂತಿದಾಳೆ."

ಅಷ್ಟಕ್ಕೇ ಮಾತು ಮುಗಿಯಿತು. ಐದನೇ ಕ್ಲಾಸಿನ ಮಗಳ ಬಾಯಲ್ಲಿ ಇನ್ನೇನು ತಾನೆ ಹೇಳಿಸುವುದು? ರಹೀಮಾ ನಿಜಕ್ಕೂ ಚೆನ್ನಾಗಿದ್ದಾಳೋ ಇಲ್ಲವೋ ಎಂಬುದು ಅವಳ ಮುಖ ನೋಡದೆ ಅವನಿಗೆ ತಿಳಿಯುವ ಹಾಗಿರಲಿಲ್ಲ. ವಿಡಿಯೊ ಬೇಕು, ಅದಕ್ಕೆ ಇಂಟರ್ನೆಟ್ ಬೇಕು. ಹೋಟೆಲಿನ ವೈಫೈ ಯಾತ್ರಿಕರಿಗೆ ಮಾತ್ರ. ನೆಲಮಾಳಿಗೆಯ ಅಡುಗೆಮನೆಗೆ ಅದು ಇಳಿಯುತ್ತಲೂ ಇರಲಿಲ್ಲ.

ಸಿಮ್ ಕೊಳ್ಳಲು ಹೋದರೆ ಬೆರಳಚ್ಚು ಕೇಳಿದರು. ಹಬೀಬ ಹೆಬ್ಬೆರಳು ಒತ್ತಿದ, ಕೆಂಪು ದೀಪ ಬಂತು. ಇನ್ನೊಂದು ಬೆರಳು, ಮತ್ತೆ ಕೆಂಪು. ವರ್ಷಗಟ್ಟಲೆ ಬಿಸಿ ಮುಚ್ಚಳ ಎತ್ತಿ, ದಮ್ಮಿನ ಕೆಂಡ ಸರಿಸಿ ಅವನ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ವಿಮಾನ ನಿಲ್ದಾಣದಲ್ಲೂ ಹೀಗೇ ಆಗಿ, ಹತ್ತಾರು ಸಲ ಒತ್ತಿಸಿಕೊಂಡು ಬಿಟ್ಟಿದ್ದರು. ಅಂಗಡಿಯವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಾಳೆ ಬಾ ಎಂದು ಕೈಯಾಡಿಸಿದ.

"ಎಂತ ಮುಖ ಮಾರಾಯ ಅದು! ತಗೋ, ನನ್ನ ನೆಟ್ಟಿನಲ್ಲೇ ಮಾತಾಡು," ಎಂದು ಅಸದ್ ಅವನನ್ನು ಹೋಟೆಲಿನ ಹಿಂಬಾಗಿಲಿನ ಗಲ್ಲಿಗೆ ಎಳೆದುಕೊಂಡು ಹೋದ. ಕರೆ ಹೋಯಿತು. ರಹೀಮಾಳ ಮುಖ ಕಂಡದ್ದೇ ಹಬೀಬನ ಕೈಗಳು ತಾವಾಗಿಯೇ ಎದ್ದವು. ಅವಳೂ ಏನನ್ನೋ ಅವಸರದಲ್ಲಿ ಹೇಳತೊಡಗಿದಳು. ಹಣೆಗೆ ಕೈ ತಂದಳು. ಅಲ್ಲಿಗೆ ಚಿತ್ರ ನಿಂತಿತು, ಮರುಕ್ಷಣ ಕರೆಯೇ ಕಡಿಯಿತು.

ಹಣೆಗೆ ಕೈ ಎಂದರೆ ಅವರ ಭಾಷೆಯಲ್ಲಿ ಜ್ವರ.

ಯಾರಿಗೆ ಜ್ವರ? ಅವಳಿಗೋ, ಫಿಜಾಗೋ? ಮತ್ತೆ ಮಾಡಿದರೆ ಕರೆಯೇ ಹೋಗಲಿಲ್ಲ. ಊರಿನಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಮರುದಿನ ಅಸದ್‌ನನ್ನು ಹಜ್ ದಿನಗಳಲ್ಲಿ ಯಾತ್ರಿಕರು ತಂಗುವ ಮಿನಾದ ಡೇರೆಗಳ ಅಡುಗೆಗೆಂದು ಕಳಿಸಿಬಿಟ್ಟರು, ಅವನ ನೆಟ್ಟೂ ಅವನ ಜೊತೆಗೇ ಹೋಯಿತು.

ಹಬೀಬ ದಾಲಿಗೆ ಎರಡು ಸಲ ಉಪ್ಪು ಹಾಕಿದ. ಸೂಪರ್‌ವೈಸರ್ ಬೈದದ್ದು ಕಿವಿಗೇ ಬೀಳಲಿಲ್ಲ. ಮಧ್ಯಾಹ್ನದ ಊಟ ಬಡಿಸಿಯಾದದ್ದೇ ಆ ಬಿಸಿಲಿನಲ್ಲಿ ಸಿಮ್ಮಿನ ಅಂಗಡಿಗೆ ಓಡಿದ, ಆಗಲಿಲ್ಲ. ಮರುದಿನ ಮತ್ತೆ ಹೋದ. ಅಂದು ಕೌಂಟರಿನಲ್ಲಿ ಬೇರೆಯವನಿದ್ದ. ಅವನು ಹಬೀಬನ ಕೈಯನ್ನು ತಾನೇ ಹಿಡಿದು, ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದೇ ಬೆರಳು ಒತ್ತಿಸುತ್ತ ಹೋದ. ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತಿತು.

ಇಂಟರ್ನೆಟ್ ಬಂತು. ಅದರಿಂದ ನೆಮ್ಮದಿಯೇನೂ ಬರಲಿಲ್ಲ. ಮೂಡಿಗೆರೆಯ ಕಡೆ ರಸ್ತೆಗೆ ಮರ ಬಿದ್ದ ವಿಡಿಯೊಗಳೆಲ್ಲ ಸರಾಗವಾಗಿ ಬಂದವು, ಮನೆಯವರು ಮಾತ್ರ ಸಿಗಲಿಲ್ಲ. ಈರುಳ್ಳಿ ಹೆಚ್ಚುತ್ತ ಕೂತವನು ಎದ್ದು ಮೆಟ್ಟಿಲು ಹತ್ತುವುದು, ಗಲ್ಲಿಯಲ್ಲಿ ನಿಂತು ಕರೆ ಮಾಡುವುದು, ಇಳಿದು ಬರುವುದು. ನಮಾಜಿಗೆ ನಿಂತರೂ ಕಣ್ಮುಂದೆ ಅದೇ ಕೈ.

ಎರಡು ದಿನ ಬಿಟ್ಟು, ಅವನು ಅಕ್ಕಿ ತೊಳೆದು ಗಲ್ಲಿಗೆ ಬಂದಿದ್ದಾಗ ಮನೆಯ ಮೊಬೈಲಿನಿಂದಲೇ ವಿಡಿಯೊ ಕರೆ ಬಂತು. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ರಹೀಮಾಳ ದುಪಟ್ಟಾದ ಮೇಲಿನ ಮಳೆಹನಿಯೂ ಕಾಣುತ್ತಿತ್ತು. ಹಿಂದೆ ಫಿಜಾ ಬಾಳೆಹಣ್ಣು ತಿನ್ನುತ್ತಿದ್ದಳು.

ಜ್ವರ ಯಾರಿಗೆ, ಎಂದು ಹಬೀಬನ ಕೈ ಕೇಳಿತು.

ರಹೀಮಾ ಹುಬ್ಬು ಗಂಟಿಕ್ಕಿದಳು. ಆಮೇಲೆ ಅವಳಿಗೆ ತಿಳಿಯಿತು. ಹಣೆಯ ಮೇಲೆ ಮೂರು ಬೆರಳನ್ನು ನಿಧಾನವಾಗಿ ಅಡ್ಡ ಎಳೆದು ತೋರಿಸಿದಳು. ಅದು ವಿಭೂತಿ, ಎಂದರೆ ಪಕ್ಕದ ಎಸ್ಟೇಟಿನ ಗಂಗಾಧರಪ್ಪನವರು. ಅಂದು ಬೆರಳು ಎಳೆಯುವ ಮೊದಲೇ ಚಿತ್ರ ನಿಂತುಹೋಗಿತ್ತು.

ಫಿಜಾ ಮುಂದೆ ಬಂದಳು. "ಅಬ್ಬಾ, ಗಂಗಾಧರಪ್ಪೋರು ಎಸ್ಟೇಟ್ ಆಫೀಸಿಗೆ ಇಂಟರ್ನೆಟ್ ಲೈನ್ ಎಳ್ಸಿದಾರೆ. ಬ್ಯಾಟರಿನೂ ಇದೆ. ದಿನಾ ಬಂದು ಮಾತಾಡಿ ಅಂದಿದಾರೆ. ಅಮ್ಮಿ ಅವತ್ತು ಅದನ್ನೇ ಹೇಳ್ತಿದ್ದಿದ್ದು. ಮರ ಬಿದ್ದು ದಾರಿ ಕಟ್ಟಿತ್ತು, ಅದಕ್ಕೇ ಇಷ್ಟು ದಿನ ಬರಕ್ಕಾಗ್ಲಿಲ್ಲ."

ಹಬೀಬ ಗೋಡೆಗೆ ಒರಗಿ ಕೂತ. ಅಳು ಬಂತು, ತಡೆಯಲಿಲ್ಲ. ರಹೀಮಾ ಬೈದಳು: ಸೊರಗಿದ್ದೀಯ, ನಿದ್ದೆ ಮಾಡಿಲ್ಲ, ಗಡ್ಡ ನೋಡು. ಅವನೂ ಎದುರು ಮಾತಾಡಿದ. ಗಲ್ಲಿಯಲ್ಲಿ ಹಾದುಹೋಗುತ್ತಿದ್ದ ನಾಲ್ಕಾರು ದೇಶದ ಜನ ಅವನ ಕೈಗಳನ್ನು ನೋಡಿದರು, ಯಾರಿಗೂ ಏನೂ ಅರ್ಥವಾಗಲಿಲ್ಲ. ಆ ಧೈರ್ಯದಲ್ಲಿ, ಮಗಳು ಅತ್ತ ತಿರುಗಿದ್ದಾಗ, ಬೇರೆಯವರ ಎದುರು ಹೇಳದ ಒಂದೆರಡು ಮಾತೂ ಹೇಳಿಬಿಟ್ಟ. ರಹೀಮಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

ಆಮೇಲೆ ದಿನವೂ ಕರೆ ಸಿಕ್ಕಿತು. ಆದರೂ ಅದು ಬರುವ ಹೊತ್ತಿಗೆ ಸ್ವಲ್ಪ ತಡವಾದರೆ ಅವನು ಸೌಟು ಹಿಡಿದೇ ಮೆಟ್ಟಿಲು ಹತ್ತುತ್ತಿದ್ದ. ಸೀಸನ್ ಮುಗಿಸಿ ಊರಿಗೆ ಬಂದ. ಏಜೆಂಟರು ಈ ವರ್ಷವೂ ಕರೆದಿದ್ದಾರೆ. ರಹೀಮಾ ಹೋಗು ಎನ್ನುತ್ತಾಳೆ. ಅವನು ಹೂಂ ಅಂದಿಲ್ಲ, ಉಹೂಂ ಎಂದೂ ಅಂದಿಲ್ಲ.