ಹುಲ್ಲಪ್ಪ ಕಂಡಕ್ಟರನ ಬಂಜಿ ಸವಾಲು

ಹುಲ್ಲಪ್ಪನನ್ನು ಸೀರೆಯಂತೆ ಗಾದಿಯ ಮೇಲೆ ಬಿಡಿಸಿ ನೋಡಿದರೆ ಮಾಲು ಗಟ್ಟಿ ಎಂದು ಯಾರಾದರೂ ಹೇಳುತ್ತಾರೆ. ಉದ್ದ ಸರಿಯಾಗಿದೆ, ಅಗಲ ತುಸು ಕಡಿಮೆ. ಬಣ್ಣ ಪಕ್ಕಾ, ಎಷ್ಟು ಒಗೆದರೂ ಬಿಡುವುದಿಲ್ಲ. ಅಂಚಿನ ದಡಿ ಮಾತ್ರ ಒರಟು; ಉಟ್ಟವರ ಕಾಲಿಗೆ ತಿಕ್ಕಿ ತಿಕ್ಕಿ ಗಾಯ ಮಾಡುತ್ತದೆ. ಇಂಥ ಮಾಲನ್ನು ಗಿರಾಕಿ ಮುಟ್ಟಿ ಹೊಗಳುತ್ತಾನೆ, ಕೊಳ್ಳುವುದು ಪಕ್ಕದ್ದನ್ನು. ಅವನಿಗೆ ಹೆಣ್ಣು ಕೊಡಲು ಬಂದವರೂ ಹೀಗೆಯೇ ಮುಟ್ಟಿ ನೋಡಿ ಹೋದರಂತೆ. ಕೊನೆಗೆ ಕೊಟ್ಟವರು ಅವಸರದಲ್ಲಿದ್ದಿರಬೇಕು.

ಅವನು ಕೆಂಪು ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಇಳಕಲ್ಲಿನಿಂದ ಹೊರಟು ಹುನಗುಂದ ದಾಟಿ ಬಾಗಲಕೋಟೆ, ಅಲ್ಲಿಂದ ಸಂಜೆಗೆ ಬಾದಾಮಿ. ಬಾದಾಮಿಯಲ್ಲಿ ಮುಕ್ಕಾಂ, ಮರುದಿನ ಅದೇ ದಾರಿಯಲ್ಲಿ ವಾಪಸು. ನನ್ನದು ಇಳಕಲ್ಲ ಬಸ್ ಸ್ಟ್ಯಾಂಡಿನ ಎದುರಿಗೆ ನೂಲು, ರೇಷ್ಮೆಯ ಅಂಗಡಿ. ನೇಕಾರರ ಮನೆಯವರು ಮಾಲಿಗಾಗಿ ಕಾಯುತ್ತ ಕೂತಾಗ ಗೊಣಗುತ್ತಾರೆ. ಗೊಣಗುವ ಬಾಯಿಗೆ ಏನಾದರೂ ಕೆಲಸ ಕೊಡಬೇಕೆಂದು ಎಪ್ಪತ್ತೆಂಟರಲ್ಲಿ ಒಂದು ಕಪಾಟು ಮಾಡಿಸಿ ಬಾಡಿಗೆ ಕಾದಂಬರಿ ಇಟ್ಟೆ. ಅತ್ತೆ ಸೊಸೆಯರ ಕಾದಂಬರಿ ನಡೆಯಲಿಲ್ಲ. ಅದು ಅವರಿಗೆ ಮನೆಯಲ್ಲೇ ಪುಕ್ಕಟೆ ಸಿಗುತ್ತಿತ್ತು. ನಡೆದದ್ದು ಮಾಂತ್ರಿಕರ ಕಥೆ. ಅದರಲ್ಲೂ ‘ಏಳು ಗವಿಗಳ ಒಡೆಯ’ ಎಂಬ ಏಳು ಭಾಗದ ಕಾದಂಬರಿ. ಒಂದೊಂದೇ ಭಾಗ ಅಚ್ಚಾಗಿ ಬರುತ್ತಿತ್ತು, ಬಂದಾಗ ಬರುತ್ತಿತ್ತು.

ಅದರ ಮಾಂತ್ರಿಕ ಕರಿಮುಖ. ಅವನ ವಿದ್ಯೆಗೆ ಒಂದು ಕಟ್ಟಳೆ: ಒಂದು ಮಂತ್ರ ಹಾಕಿದರೆ ಒಂದು ಮಾತು ಅವನ ನಾಲಗೆಯಿಂದ ಕಾಯಮ್ಮಾಗಿ ಹೋಗುತ್ತದೆ. ಮೊದಲ ಭಾಗದಲ್ಲಿ ಗುಡ್ಡ ಸೀಳಿದ; ‘ನೀರು’ ಎಂಬ ಮಾತು ಹೋಯಿತು. ಅಂದಿನಿಂದ ಬಾಯಾರಿದರೆ ಕೈ ಮಾಡಿ ತೋರಿಸಬೇಕು. ಎರಡನೆಯದರಲ್ಲಿ ಸತ್ತ ಕುದುರೆಯನ್ನು ಎಬ್ಬಿಸಿದ, ‘ಅವ್ವ’ ಹೋಯಿತು. ನನಗೂ ಈ ಕಟ್ಟಳೆ ಹಿಡಿಸಿತು. ಉಳಿದ ಕಥೆಗಳ ಮಾಂತ್ರಿಕರೆಲ್ಲ ಉದ್ರಿ ಗಿರಾಕಿಗಳು, ಇವನೊಬ್ಬ ಕೈಯಲ್ಲೇ ಬೆಲೆ ಎಣಿಸುವ ರೋಖ ಗಿರಾಕಿ.

ಪುಸ್ತಕ ಒಂದೇ ಪ್ರತಿ. ಹುಲ್ಲಪ್ಪ ಅದನ್ನು ಟಿಕೆಟ್ ಪೆಟ್ಟಿಗೆಯಲ್ಲಿಟ್ಟುಕೊಂಡು ಒಯ್ಯುತ್ತಿದ್ದ. ಬಾಗಲಕೋಟೆಯಲ್ಲಿ ಹತ್ತಿ ಜಿನ್ನಿನ ಕಾರಕೂನ ಅಂದಾನಪ್ಪ ಓದುತ್ತಿದ್ದ. ಆಮೇಲೆ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾಡುವ ಯಂಕಪ್ಪ. ಅಲ್ಲಿಂದ ತಿರುಗಿ ಇಳಕಲ್ಲಿಗೆ ಬಂದರೆ ಅಮೀನಬಿ. ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು, ಒಂದು ಕೈ ರಾಟಿಯ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ. ಈ ಮೂವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾತು, ಜಗಳ ಎಲ್ಲ ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಿಂದ. ಅದನ್ನು ಶುರು ಮಾಡಿದವನು ಹುಲ್ಲಪ್ಪ.

ಮೊದಲ ಸಲ ನೋಡಿದಾಗ ನನಗೆ ಪಿತ್ತ ನೆತ್ತಿಗೇರಿತು.

“ಏನಪಾ ಇದು? ಪುಸ್ತಕ ಒಯ್ದಿದ್ಯೋ, ಸಾಲಿ ಪಾಟಿ ಒಯ್ದಿದ್ಯೋ?”

“ಸವಾಲು ಬರದೇನ್ರಿ ಶೆಟ್ರ. ತೆಳಗ ನೋಡ್ರಿ, ಜವಾಬು ಬಂದಾವು.”

“ಅಳಿಸಿ ಕೊಡು. ಇಲ್ಲಂದ್ರ ಪುಸ್ತಕದ ಕಿಮ್ಮತ್ತು ಇಡು.”

ಅವನು ಅಳಿಸಲೂ ಇಲ್ಲ, ಕಿಮ್ಮತ್ತು ಇಡಲೂ ಇಲ್ಲ. ನಾನೂ ಸುಮ್ಮನಾದೆ. ಏಕೆಂದರೆ ಅಂಚು ಸ್ವಚ್ಛವಿದ್ದ ಪುಸ್ತಕಗಳು ಕಪಾಟಿನಲ್ಲೇ ಕೂತಿದ್ದವು, ಗೀಚಿದ್ದಕ್ಕೆ ಪಾಳಿ ಹಚ್ಚುತ್ತಿದ್ದರು. ಕಥೆ ಓದುವವರಿಗಿಂತ ಜಗಳ ಓದುವವರು ಹೆಚ್ಚು ಎಂಬುದು ನನಗೆ ತಿಳಿದದ್ದು ಆಗಲೇ.

ಜಗಳಗಳೂ ಓದುವ ಹಾಗೆಯೇ ಇದ್ದವು. ನೀರು ಹೋದರೇನು, ‘ಜಲ’ ಅನ್ನಬಹುದಲ್ಲ ಎಂದು ಯಂಕಪ್ಪ ಬರೆದ. ಮಾತು ಹೋದರೆ ಅರ್ಥವೂ ಹೋದಂತೆ, ಜಲವೂ ಹೋಯಿತು ಎಂದು ಅಂದಾನಪ್ಪ ಕಚೇರಿಯ ಅಕ್ಷರದಲ್ಲಿ ತೀರ್ಪು ಕೊಟ್ಟ. ಅಮೀನಬಿ ಕೆಳಗೆ ಬರೆದಳು: ‘ಪಾನಿ ಹೋಗಿಲ್ಲ. ಅವ ಉರ್ದು ಕಲೀಲಿ.’ ಮರಾಠಿಯನ್ನೂ ಕಲಿತರೆ ಇನ್ನೊಂದು ಗುಡ್ಡ ಸೀಳಬಹುದು ಎಂದು ಯಂಕಪ್ಪ ಹುರುಪಿಗೆ ಬಿದ್ದ. ಹುಲ್ಲಪ್ಪ ಎಲ್ಲರನ್ನೂ ತಡೆದು ಕೇಳಿದ: ನಮ್ಮ ಕಡೆ ಅವ್ವ, ಮೈಸೂರು ಕಡೆ ಅಮ್ಮ, ಇದು ಒಂದು ಮಾತೋ, ಎರಡೋ? ಆ ಪುಟದ ಅಂಚು ತುಂಬಿ, ಜಗಳ ಮುಂದಿನ ಪುಟಕ್ಕೆ ಹರಿಯಿತು.

ಹುನಗುಂದದಲ್ಲಿ ಬಸ್ಸು ನಿಂತಾಗ ಅವನು ಬರೆಯುತ್ತ ಕೂತರೆ ಡ್ರೈವರ್ ಖಾದರಬಾಷಾ ಕೂಗುತ್ತಿದ್ದ: “ಲೇ ಹುಲ್ಲ್ಯಾ, ಸೀಟಿ ಹೊಡಿಯೋ! ನಿನ್ನ ಕರಿಮುಖ ಬಂದು ಗಾಡಿ ನೂಕಂಗಿಲ್ಲ.”

“ನೂಕಿದ್ರ ಅವಂದು ಒಂದು ಮಾತು ಹೋಗತೈತಿ, ಖಾದರಭಾಯಿ.”

“ನಿನ್ನ ಬಾಯಾಗಿಂದ ‘ಚಿಲ್ಲರ ಕೊಡ್ರಿ’ ಅನ್ನೂದು ಹೋಗಲಿ. ಮಂದಿಗೆ ಆರಾಮ ಆಗತೈತಿ.”

ಆದರೆ ಹುಲ್ಲಪ್ಪನಿಗೆ ಇದು ಆಟವಾಗಿರಲಿಲ್ಲ. ಅವನು ಗುಡೂರಿನವನು, ಬೀರಪ್ಪ ದೇವರ ಒಕ್ಕಲು. ಅವನ ಅಪ್ಪ ಮಾಳಪ್ಪ ಡೊಳ್ಳಿನ ಮೇಳದ ಮುಂದಾಳು. ಎರಡು ಮೇಳ ಎದುರಾದರೆ ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು; ಕೊಡಲಾಗದವರು ಡೊಳ್ಳು ಇಳಿಸಬೇಕು. ಹುಲ್ಲಪ್ಪನಿಗೆ ತಲೆ ಇತ್ತು, ಕಂಠ ಇರಲಿಲ್ಲ. ಅವನು ಹಾಡಿದರೆ ಕುರಿಗಳೂ ಎದ್ದು ಹೋಗುತ್ತಿದ್ದವೆಂದು ಹೆತ್ತ ತಾಯಿಯೇ ಹೇಳುತ್ತಿದ್ದಳಂತೆ. ಅಪ್ಪನ ಡೊಳ್ಳು ತಮ್ಮನ ಹೆಗಲಿಗೆ ಹೋಯಿತು, ಇವನ ಕೈಗೆ ಸರಕಾರದ ಸೀಟಿ ಬಂತು. ಪುಸ್ತಕದ ಅಂಚಿನಲ್ಲಿ ಅವನಿಗೆ ಕಂಠ ಬೇಡದ ಮೇಳ ಸಿಕ್ಕಿತ್ತು. ಅವನಿಗಿದ್ದ ಮೇಳ ಅದೊಂದೇ.

ಎಂಬತ್ತೊಂದರಲ್ಲಿ ಐದನೆಯ ಭಾಗ ಬಂತು. ಹುಲ್ಲಪ್ಪ ಒಯ್ದ ಮರುದಿನವೇ ಅದನ್ನು ತಂದು ನನ್ನ ಗಾದಿಯ ಮೇಲೆ ಬಡಿದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

“ಇದನ್ನ ಓದ್ರಿ.”

“‘ನೀರು ತಾ’ ಎಂದು ಕರಿಮುಖನು ಸೇವಕನಿಗೆ ಹೇಳಿದನು. ಓದಿದೆ. ನಿನಗ ಚಹಾ ತರಸ್ಲೇನು?”

“ಚ್ಯಾಷ್ಟಿ ಬ್ಯಾಡ್ರಿ. ಮೊದಲನೇ ಭಾಗದಾಗ ಹೋದ ಮಾತು ಐದನೇದರಾಗ ಹೆಂಗ ಬಂತು?”

“ಬಾಯಾರಿತ್ತು, ಬಂತು.”

“ಹಂಗಾರ ಕಟ್ಟಳಿ ಯಾಕ ಹಾಕಬೇಕಿತ್ತು? ಇಷ್ಟು ದಿನ ಅದನ್ನ ನಂಬಿ ಜಗಳಾಡಿದಾಂವ ನಾ ಹುಚ್ಚ ಏನು?”

ಆ ಪುಟದ ಅಂಚಿನಲ್ಲಿ ದಪ್ಪಗೆ ಬರೆದ: ‘ಕಥೆ ಕಟ್ಟಿದವರಿಗೆ ಸವಾಲು. ಹೋದ ನೀರು ಹೆಂಗ ಬಂತು?’ ಯಂಕಪ್ಪ ಅದು ಅಚ್ಚಿನ ತಪ್ಪು, ‘ಬೇರು ತಾ’ ಎಂದಿರಬೇಕು, ಮಾಂತ್ರಿಕರಿಗೆ ಬೇರು ಬೇಕಾಗುತ್ತದೆ ಎಂದ. ಕರಿಮುಖ ಬಾಯಿಂದ ಅನ್ನಲಿಲ್ಲ, ಕೈ ಮಾಡಿದ, ಬರೆದವರು ಮಾತು ಹಾಕಿದ್ದಾರೆ ಎಂದು ಅಮೀನಬಿ ಬರೆದಳು. ಹುಲ್ಲಪ್ಪ ಎರಡನ್ನೂ ಹೊಡೆದು ಹಾಕಿದ. ಕಥೆ ಕಟ್ಟಿದವನೇ ಜವಾಬು ಕೊಡಬೇಕು, ನಡುವೆ ಬೇರೆಯವರ ಮಾತು ನಡೆಯುವುದಿಲ್ಲ.

ಪುಸ್ತಕದ ಹಿಂದೆ ಅಚ್ಚಿನ ಮನೆಯ ವಿಳಾಸವಿತ್ತು. ಕಾರ್ಡು ಹಾಕಿದ. ಜವಾಬಿಲ್ಲ. ಇನ್ನೊಂದು ಹಾಕಿದ. ನಾನು ಹೇಳಿದೆ, “ಅಂವಾ ಎಲ್ಲೋ ದೂರ ಕುಂತು ಬರದು ರೊಕ್ಕ ಎಣಿಸ್ಯಾನ. ನಿನ್ನ ಮೇಳದಾಗ ಅಂವಾ ಎಲ್ಲದಾನ?” ಹುಲ್ಲಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ನಾಲ್ಕು ಮಂದಿಯ ಮುಂದೆ ಕಥೆ ಹೇಳಿದ ಮೇಲೆ ಸವಾಲಿಗೆ ನಿಲ್ಲದೆ ಒಬ್ಬ ಮನುಷ್ಯ ಊಟ ಮಾಡುವುದಾದರೂ ಹೇಗೆ ಎಂಬುದೇ ಅವನ ಪ್ರಶ್ನೆ. ಬರಬರುತ್ತ ಸಿಟ್ಟು ಪ್ಯಾಸೆಂಜರುಗಳ ಮೇಲೆ ಇಳಿಯತೊಡಗಿತು. “ಮುಂದ ಸರೀರಿ” ಎಂದು ಅವನು ಹೇಳಿದರೆ ಜನ ಮುಂದಿನ ಸ್ಟಾಪಿಗೇ ಇಳಿದುಬಿಡುವಂತಿತ್ತು.

ಆಗ ಅಂದಾನಪ್ಪ ಅಂಚಿನಲ್ಲಿ ಬರೆದ: ‘ನಿಮ್ಮ ಡೊಳ್ಳಿನ ಕಟ್ಟಳೆ ನಾನೂ ಬಲ್ಲೆ. ಎದುರಿನವರು ಜವಾಬು ಕೊಡದಿದ್ದರೆ ಸವಾಲು ಹಾಕಿದವನೇ ಕೊಡಬೇಕು. ಅವನಿಗೂ ಗೊತ್ತಿಲ್ಲವಾದರೆ ಅದು ಬಂಜಿ ಸವಾಲು. ಆರನೆಯ ಭಾಗ ಬರುವುದರೊಳಗೆ ಜವಾಬು ಹೇಳು, ಇಲ್ಲವೇ ಡೊಳ್ಳು ಇಳಿಸು.’ ಕೆಳಗೆ ಯಂಕಪ್ಪ ‘ಬರೋಬ್ಬರಿ’ ಎಂದು ಬರೆದ. ಅಮೀನಬಿಯೂ ಬರೆದಳು.

ಬರೋಬ್ಬರಿಯೇ ಆಗಿತ್ತು. ಗುಡೂರಿನ ಮೇಳದ ಕಟ್ಟಳೆ ಅದೇ ಎಂದು ಹುಲ್ಲಪ್ಪನೇ ಒಪ್ಪಿದ. ಬಂಜಿ ಸವಾಲು ಹಾಕಿದವನು ಆ ಮೇಳದಲ್ಲಿ ಮತ್ತೆ ಸವಾಲು ಹಾಕುವಂತಿಲ್ಲ. ಕೂತು ಕೇಳಬೇಕು, ಅಷ್ಟೇ. ಅವನು ರಜೆ ಹಾಕಿ, ಅಚ್ಚಿನ ಮನೆಯಿದ್ದ ದೂರದ ಊರಿಗೆ ಬಸ್ಸು ಹತ್ತಿದ. ಹುಟ್ಟಿದಾರಭ್ಯ ಮೊದಲ ಸಲ ಪ್ಯಾಸೆಂಜರ್ ಆಗಿ ಕೂತು, ಆ ಬಸ್ಸಿನ ಕಂಡಕ್ಟರನ ಜತೆ ಚಿಲ್ಲರೆಗೆ ಜಗಳಾಡಿದನಂತೆ.

ತಿರುಗಿ ಬಂದವನು ಸೀದಾ ನನ್ನ ಅಂಗಡಿಗೇ ಬಂದ. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಕೈಯಲ್ಲಿ ಹೊಸ ಪುಸ್ತಕ, ಆರನೆಯ ಭಾಗ.

“ಸಿಕ್ಕನೇನು ನಿನ್ನ ಎದುರು ಮೇಳದಾಂವ?”

“ಯಾಂವ ಸಿಗತಾನ್ರಿ? ಅಂಥಾಂವ ಒಬ್ಬ ಇದ್ರ ಸಿಗಬೇಕಲ್ಲ!” ನೀರು ಕುಡಿದ. “ಮೊದಲಿನ ಎರಡು ಭಾಗ ಒಬ್ಬ ಮಾಸ್ತರ ಬರದನಂತ. ರೊಕ್ಕ ಸಾಲಲಿಲ್ಲಂತ ಬಿಟ್ಟ. ಆಮ್ಯಾಲಿನ ಎರಡು ಮತ್ತೊಬ್ಬ. ಐದನೇದು ಬರದಾಂವ ಯಾರು ಹೇಳ್ರಿ?”

“ಯಾರು?”

“ಅಲ್ಲೇ ಅಚ್ಚಿನ ಮೊಳಿ ಜೋಡಸಾಂವನ ಭಾವ! ಮನ್ಯಾಗ ಖಾಲಿ ಕುಂತಿದ್ದನಂತ, ಬರಿ ಅಂದ್ರು, ಬರದ. ಮೊದಲನೇ ಭಾಗ ಓದೀಯೇನಪಾ ಅಂತ ಕೇಳಿದೆ. ‘ಓದಿಕೋತ ಕೂತರೆ ಬರೆಯೋದು ಯಾವಾಗ ಸ್ವಾಮಿ?’ ಅಂದ. ಮಾಲಕ ಒಳಗಿಂದ ಬಂದು, ನನ್ನ ಮಾರಿ ನೋಡಿ, ಇದೊಂದು ಪುಸ್ತಕ ಕೈಯಾಗಿಟ್ಟು ಕಳಸಿದ. ಪುಕ್ಕಟ. ನಾಯಿಗೆ ರೊಟ್ಟಿ ಒಗದಂಗ.”

ನಗು ಬಂದರೂ ತಡೆದುಕೊಂಡೆ. “ಹೋಗಲಿ ಬಿಡು, ನೀನೇ ಒಂದು ಜವಾಬು ಹೊಲಿ. ಕರಿಮುಖ ಕನಸಿನ್ಯಾಗ ಅಂದ ಅನ್ನು. ಕನಸಿನ ಮಾತು ಲೆಕ್ಕಕ್ಕಿಲ್ಲ ಅನ್ನು. ಯಾರು ಹೋಗಿ ಕೇಳ್ತಾರ?”

“ನಾ ಹೋಗಿ ಕೇಳಿ ಬಂದೇನಲ್ರಿ.”

“ಅದಕ್ಕ ನಿನಗೊಬ್ಬಗ ಗೊತ್ತು.”

“ಸುಳ್ಳ ಜವಾಬು ಹೇಳಿ ಗೆದ್ರ, ನಮ್ಮಪ್ಪ ಡೊಳ್ಳಿನ ಕೋಲ ತಗೊಂಡು ಬರತಾನ್ರಿ.”

“ಹಂಗಾರ ಖರೇನ ಬರಿ. ಭಾವ ಬರದ, ಓದಿಲ್ಲ ಅಂತ. ನೀ ಗೆದ್ದಿ. ಅಂದಾನಪ್ಪನ ಬಾಯಿ ಮುಚ್ಚತೈತಿ.”

ಇದು ಅವನಿಗೆ ರುಚಿಸಿತು. ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು. ಐದನೆಯ ಭಾಗ ಕಪಾಟಿನಲ್ಲೇ ಇತ್ತು; ನಾನೇ ತೆಗೆದುಕೊಟ್ಟೆ. ಅವನು ಪುಟ ಹುಡುಕುತ್ತಿರುವಾಗ ಅಮೀನಬಿ ಕಂಡಿಕೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದಳು. ಬುಟ್ಟಿ ಇಳಿಸುವ ಮೊದಲೇ ಅವಳ ಕಣ್ಣು ಹೊಸ ಪುಸ್ತಕದ ಮೇಲೆ.

“ಅಯ್ಯ, ಆರನೇದು ಬಂತಾ? ಕಂಡಕ್ಟರಣ್ಣ, ಮೊದಲ ನನಗ ಕೊಡು. ಕರಿಮುಖಗ ‘ಅವ್ವ’ ಅನ್ನೂ ಮಾತು ತಿರುಗಿ ಸಿಗತೈತೋ ಇಲ್ಲೋ? ರಾಟಿ ಮುಂದ ಕುಂತ್ರ ನನಗ ಅದ ಚಿಂತಿ. ಅವನ ಮುದುಕಿ ತಾಯಿ ಬಾಗಲಾಗ ಕುಂತಾಳ, ಇಂವಗ ಕರಿಯಾಕ ಬರವಲ್ದು. ಕಥಿ ಬರದಾಂವ ಎಲ್ಲಾ ಲೆಕ್ಕಾ ಹಾಕಿ ಇಟ್ಟಿರ್ತಾನ, ಹೌದಿಲ್ಲೋ?”

ಹುಲ್ಲಪ್ಪ ನನ್ನ ಮುಖ ನೋಡಿದ. ನಾನು ತಕ್ಕಡಿ ನೋಡಿದೆ.

“ಇಟ್ಟಿರ್ತಾನವಾ,” ಎಂದ. ಹಲ್ಲು ಕಚ್ಚಿ ಅಂದ ಮಾತು. ಹೊಸ ಪುಸ್ತಕವನ್ನು ಅವಳ ಬುಟ್ಟಿಗೆ ಹಾಕಿದ.

“ನಿನ್ನ ಸವಾಲಿಗೆ ಜವಾಬು?”

“ಇಲ್ಲ.”

“ಹಂಗಾರ ಸೋತಿ!” ಎಂದು ನಕ್ಕು ಅವಳು ಹೋದಳು.

ಐದನೆಯ ಭಾಗದಲ್ಲಿ ತನ್ನ ಸವಾಲಿನ ಕೆಳಗೆ ಅವನು ಬರೆದ: ‘ಇದು ಬಂಜಿ ಸವಾಲು. ಡೊಳ್ಳು ಇಳಿಸೇನಿ.’ ಪೆನ್ಸಿಲು ಎಷ್ಟು ಒತ್ತಿದ್ದನೆಂದರೆ ಹಿಂದಿನ ಪುಟದ ಕುದುರೆ ಸವಾರನ ಚಿತ್ರ ಹರಿಯಿತು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತ.

“ಏಳೂ ಭಾಗ ಎಲ್ಲಾರೂ ಓದಿ ಮುಗಸೂತನಕ ಬಾಯಿ ಬಿಡಬ್ಯಾಡ್ರಿ.”

“ನನಗೇನು, ವ್ಯಾಪಾರ ನಡದ್ರ ಸಾಕು.”

“ಗೊತ್ತೈತ್ರಿ. ಅದಕ್ಕ ನಿಮಗ ಹೇಳಿದ್ದು.”

ಇದರಿಂದ ಅವನಿಗೆ ಸಮಾಧಾನ ಸಿಕ್ಕಿತೆಂದು ಯಾರೂ ತಿಳಿಯಬಾರದು. ಬಾಗಲಕೋಟೆಯಲ್ಲಿ ಅಂದಾನಪ್ಪ ಬಸ್ಸಿನ ಕಿಟಕಿಗೆ ಬಂದು, “ಏನಪಾ ಹುಲ್ಲಪ್ಪ, ಡೊಳ್ಳು ಟಾಪಿನ ಮ್ಯಾಲೆ ಕಟ್ಟೀಯೇನು?” ಎಂದು ಪ್ಯಾಸೆಂಜರುಗಳೆಲ್ಲ ಕೇಳುವಂತೆ ಕೇಳುತ್ತಿದ್ದ. ಬಾದಾಮಿಯಲ್ಲಿ ಯಂಕಪ್ಪ, ಸೋತವರಿಗೆ ಹಾಲಿಲ್ಲ ಎಂದು ಕರಿ ಚಹಾ ಕೊಡುತ್ತಿದ್ದ. ಕೈ ಮಾಡಿದ್ದೇ ಖರೆ, ನಾ ಮೊದಲೇ ಹೇಳಿದ್ದೆ ಎಂದು ಅಮೀನಬಿ ಅಂಚಿನಲ್ಲಿ ಷರಾ ಬರೆದಳು. ಎಲ್ಲ ಬಲ್ಲವನು ಸುಮ್ಮನಿರಬೇಕು, ಏನೂ ಅರಿಯದವರು ಕಾಲು ಎಳೆಯಬೇಕು. ನನ್ನ ಅಂಗಡಿಯಲ್ಲಿ ಕೂತಾಗ ನಡುವೆಯೇ, ಯಾವ ಸಂಬಂಧವೂ ಇಲ್ಲದೆ, “ಮೊಳಿ ಜೋಡಸಾಂವನ ಭಾವ!” ಎಂದು ಉಗುಳುವಂತೆ ಹೇಳುತ್ತಿದ್ದ. ಪುಸ್ತಕಗಳನ್ನು ಮೊದಲಿನಂತೆಯೇ ಊರಿಂದೂರಿಗೆ ಮುಟ್ಟಿಸಿದ. ಅಂಚಿನಲ್ಲಿ ಒಂದಕ್ಷರ ಬರೆಯಲಿಲ್ಲ.

ಎಂಬತ್ಮೂರರಲ್ಲಿ ಏಳನೆಯ ಭಾಗ ಬಂತು. ಅದನ್ನು ಯಾವ ಭಾವ ಬರೆದನೋ, ಕರಿಮುಖನು ಕೊನೆಯ ಪುಟದಲ್ಲಿ ಯಾವ ಕಾರಣವೂ ಇಲ್ಲದೆ “ಅವ್ವಾ” ಎಂದು ಕೂಗಿ ಸತ್ತ. ಅಂದಾನಪ್ಪ ಅದರ ಗೂಢಾರ್ಥವನ್ನು ಮೂರು ಅಂಚು ತುಂಬ ಬರೆದ. ಯಂಕಪ್ಪ ಆ ದಿನ ಬಸ್ಸಿನವರಿಗೆಲ್ಲ ಹಾಲು ಹಾಕಿ ಚಹಾ ಕೊಟ್ಟನಂತೆ. ಅಮೀನಬಿ ಪುಸ್ತಕ ತಿರುಗಿ ಕೊಡಲು ಬಂದಾಗ ಕಣ್ಣು ಕೆಂಪಾಗಿದ್ದವು. “ಸಿಕ್ಕಿತು ನೋಡ್ರಿ ಮಾತು” ಎಂದಷ್ಟೇ ಹೇಳಿದಳು. ಹುಲ್ಲಪ್ಪ ಕಡೆಗೆ ಓದಿದ. ಮುಚ್ಚಿ ಗಾದಿಯ ಮೇಲಿಟ್ಟ. ಟಿಕೆಟ್ ಪೆಟ್ಟಿಗೆ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೋದ.

ಎಲ್ಲರೂ ಓದಿ ಮುಗಿಸಿದ್ದಾರೆ, ಆದ್ದರಿಂದ ಈಗ ಬರೆದಿದ್ದೇನೆ. ಅಂದು ಅವನು ಖರೆ ಬರೆದು ಗೆದ್ದಿದ್ದರೆ ಆರು, ಏಳನೆಯ ಭಾಗಗಳನ್ನು ಯಾರೂ ನಂಬಿ ಓದುತ್ತಿರಲಿಲ್ಲ. ಗೆದ್ದ ಸವಾಲನ್ನು ಸೋತು, ಅವನು ಆ ಮೂವರಿಗೆ ಕಥೆ ಉಳಿಸಿಕೊಟ್ಟ, ನನಗೆ ಕಪಾಟು ಉಳಿಸಿಕೊಟ್ಟ. ಹುಲ್ಲಪ್ಪನ ಋಣ ನನ್ನ ಮೇಲಿದೆ. ಅದನ್ನು ನಾನು ಇನ್ನೂ ತೀರಿಸಿಲ್ಲ.