ಗಣಪಣ್ಣ ಮತ್ತು ಕಪ್ಪು ಪರದೆ

ಮಾವಿನಕುರ್ವೆಯಲ್ಲಿ ಯಾರೇ ಜಗುಲಿಯ ಮೇಲೆ ಕೂತರೂ ಮುಖ ಅಳಿವೆಯ ಕಡೆಗಿರುತ್ತದೆ. ಶರಾವತಿ ಸಮುದ್ರ ಸೇರುವ ಆ ಬಾಯಲ್ಲಿ ಯಾವ ದೋಣಿ ಬಂತು, ಯಾವುದು ಇನ್ನೂ ಬರಲಿಲ್ಲ ಎಂದು ನೋಡುವುದೇ ಇಲ್ಲಿಯವರ ಅರ್ಧ ಬದುಕು. ಗಣಪಣ್ಣ ಮಾತ್ರ ಅಳಿವೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಬಲೆ ಹೆಣೆಯುತ್ತಿದ್ದ.

ನಮ್ಮದು ಪಕ್ಕದ ಮನೆ. ಕುಮಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಊರಿಗೆ ಮರಳಿದ ಮೇಲೆ ನನಗೆ ಎದುರು ಮಾತಾಡುವವರೇ ಇಲ್ಲವಾಗಿದ್ದರು. ಗೆಳೆಯರು ಚದುರಿದ್ದರು. ಮನೆಯವರು ನಾನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಗಣಪಣ್ಣ ಏಳುತ್ತಿರಲಿಲ್ಲ. ಅಮಾವಾಸ್ಯೆಗೆ ದೋಣಿ ಇಳಿಸಬಾರದು ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ನಾನು ಗಂಟಲು ಹರಿದುಕೊಂಡರೆ, ಸೂಜಿ ನಿಲ್ಲಿಸದೆ ಎಲ್ಲ ಕೇಳಿ ಹೇಳುತ್ತಿದ್ದ:

“ನೀ ಹೇಳೂದು ಸರಿ ಅದೆ ತಮಾ. ಸರಿ ಇದ್ದದ್ದಕ್ಕೆಲ್ಲ ನಾ ತಲೆ ಆಡಸ್ಬೇಕು ಅಂತ ಎಲ್ಲಿ ಅದೆ?”

ಒಮ್ಮೆ ಬಲೆಯ ಗಂಟನ್ನು ನಾನು ಜಗ್ಗಿ ಬಿಗಿದಾಗ ಕೈಗೆ ಸಣ್ಣಗೆ ಹೊಡೆದಿದ್ದ. “ಹಂಗೆ ಎಳೀಬ್ಯಾಡ. ಬಿಗಿ ಮಾಡ್ದ್ರೆ ಹರೀತದೆ. ಸಡಿಲು ಬಿಟ್ರೇ ಅದು ಬಲೆ.”

ಅವನು ಹಿಂದೆ ದೋಣಿ ನಡೆಸುತ್ತಿದ್ದವನು. ಒಂದು ಮಳೆಗಾಲದ ಕೊನೆಯಲ್ಲಿ ಅವನ ದೋಣಿ ಅಳಿವೆಯ ಮರಳದಿಬ್ಬಕ್ಕೆ ಬಡಿದು ಮಗುಚಿತು. ಜೊತೆಗಿದ್ದ ಅವನ ತಮ್ಮ ಮರಳಿ ಬರಲಿಲ್ಲ. ಚುಕ್ಕಾಣಿ ಗಣಪಣ್ಣನ ಕೈಯಲ್ಲಿತ್ತು. ಅವನೇ ದಾರಿ ತಪ್ಪಿಸಿದ ಎಂದಿತು ಊರು. “ಹೊಯ್ಗೆ ದಿಬ್ಬ ಜಾಗ ಬದಲ್ಸಿತ್ತು,” ಎಂದ ಗಣಪಣ್ಣ. ಸಾಕ್ಷಿ ಯಾರ ಬಳಿಯೂ ಇರಲಿಲ್ಲ.

ಸಾಕ್ಷಿಯಿಲ್ಲದ ವಾದವನ್ನು ಹಾಗೇ ಬಿಡುವ ಸ್ವಭಾವ ನನ್ನದಲ್ಲ. ದೋಣಿ ಮಗುಚಿದ ದಿನಗಳಲ್ಲಿ ಉಪಗ್ರಹ ತೆಗೆದಿದ್ದ ಅಳಿವೆಯ ಚಿತ್ರವನ್ನು ಹುಡುಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅವನ ಜೊತೆ ಕೂತೇ ತೆರೆಯಬೇಕೆಂದು ನಾನೂ ನೋಡಿರಲಿಲ್ಲ.

“ದಿಬ್ಬ ಎಲ್ಲಿತ್ತು ಅಂತ ಕಾಣ್ತದೆ ಗಣಪಣ್ಣ. ಊರಿನ ಬಾಯಿ ಮುಚ್ಚಿಸ್ಬಹುದು.”

ಸೂಜಿ ನಿಂತಿತು. “ನಾಳೆ ಕಾಂಬ. ಈ ಬಲೆ ಮುಗೀಲಿ.”

ಆ ನಾಳೆ ಬರುವಷ್ಟರಲ್ಲಿ ಲ್ಯಾಪ್‌ಟಾಪು ಮಂಚದಿಂದ ಬಿದ್ದು ಪರದೆ ಒಡೆಯಿತು. ಹೊಸ ಪರದೆ ತರಿಸಿ, ವಿಡಿಯೋ ನೋಡುತ್ತ ನಾನೇ ಕೂಡಿಸಲು ಕೂತೆ. ಗಣಪಣ್ಣ ಬಂದು ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ. ಪರದೆಗೆ ಹೋಗುವ ಕೇಬಲನ್ನು ಹಿಡಿದಿಡುವ ಅಂಟುಪಟ್ಟಿ ಹರಿದಿತ್ತು. “ನಾ ಕಟ್ತೆ ಬಿಡು,” ಎಂದು ಬಲೆಯ ನೂಲಿನಿಂದ ಕಟ್ಟಿಕೊಟ್ಟ.

ಗುಂಡಿ ಒತ್ತಿದೆ. ಒಳಗಿನ ಫ್ಯಾನು ತಿರುಗಿತು, ಕೀಲಿಮಣೆಯ ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

“ಇದಕ್ಕೂ ಅಮಾಸೆ ಅನಾ?” ಎಂದ ಗಣಪಣ್ಣ.

ಬ್ಯಾಟರಿ ಬಿಚ್ಚಿ ಹಾಕಿದೆ. ಮಸುಕಾಗಿಯಾದರೂ ಏನಾದರೂ ಮೂಡಿದೆಯೇ ಎಂದು ಟಾರ್ಚು ಬಿಟ್ಟು ನೋಡಿದೆ; ಇಲ್ಲ. ಟೀವಿಗೆ ಜೋಡಿಸಿ ನೋಡೋಣವೆಂದರೆ ಎರಡೂ ಮನೆಗಳಲ್ಲಿ ಹಳೇ ಡಬ್ಬಾ ಟೀವಿ.

“ಇದಕ್ಕೆ ಜೀವ ಅದೆ ಗಣಪಣ್ಣ. ಪರದೆಗೆ ಹೋಗೋ ದಾರೀಲಿ ಎಂತದೋ ಆಗ್ಯದೆ.”

“ಜೀವ ಅದೆಯಲ್ಲ, ಸಾಕು ಬಿಡು ಮಾರಾಯಾ. ಹೋಗಿ ಊಟ ಮಾಡು.” ಅವನ ದನಿ ಅಷ್ಟು ಹಗುರಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮುಚ್ಚಳವನ್ನು ಸುಮ್ಮನೆ ಅರ್ಧ ಎತ್ತಿದಾಗ ಪರದೆ ಬೆಳಗಿತು. ಪೂರ್ತಿ ಎತ್ತಿದೆ, ಆರಿತು. ಬಿಚ್ಚಿ ನೋಡಿದರೆ ನೂಲು ಕೇಬಲನ್ನು ಎಷ್ಟು ಬಿಗಿದಿತ್ತೆಂದರೆ, ಮುಚ್ಚಳ ತೆರೆದಂತೆಲ್ಲ ಅದು ತನ್ನ ಗೂಡಿನಿಂದ ಹೊರಕ್ಕೆ ಜಾರುತ್ತಿತ್ತು. ಸಡಿಲು ಬಿಡುವುದನ್ನು ಮರೆಯುವ ಕೈಯಲ್ಲ ಅದು.

ನೂಲು ಕತ್ತರಿಸಿ ಕೇಬಲ್ ಕೂರಿಸಿದೆ. ಪರದೆ ಬಂತು. ಚಿತ್ರ ತೆರೆಯದೆ ಪಕ್ಕದ ಜಗುಲಿಗೆ ಹೋದೆ.

“ಬೇಕಂತಲೇ ಬಿಗಿದಿದ್ಯಾ ಗಣಪಣ್ಣ?”

ಅವನು ಗೋಡೆ ನೋಡುತ್ತಲೇ ಕೇಳಿದ: “ನೀ ಚಿತ್ರ ಕಂಡ್ಯಾ?”

“ಇಲ್ಲ.”

“ದಿಬ್ಬ ಹಿಂದಿನ ಜಾಗದಲ್ಲೇ ಇದ್ದಿದ್ರೆ ತಮಾ? ಇಷ್ಟು ವರ್ಷ ನಂಗೆ ಇದ್ದದ್ದು ಆ ಒಂದು ಮಾತು. ಅದೂ ಹೋದ್ರೆ ನಾ ಎಂತ ಹಿಡ್ಕಂಡು ಕೂರೂದು?”

“ಬದಲ್ಸಿದ್ರೆ ನಿಂದು ತಪ್ಪಿಲ್ಲ ಅಂತ ಆಗ್ತದಲ್ಲ!”

“ಆದ್ರೆ ಅವ ತಿರ್ಗಿ ಬತ್ನಾ?”

ನಾನು ಜಗುಲಿಯ ತುದಿಯಲ್ಲಿ ಕೂತೆ. ಅಂದು ನಾವಿಬ್ಬರೂ ವಾದ ಮಾಡಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಕೆಮ್ಮು ಜೋರಾಗಿ ಅವನನ್ನು ಶಿರಾಲಿಯ ಅಕ್ಕನ ಮನೆಗೆ ಕರೆದೊಯ್ದರು. ಅಲ್ಲಿಂದ ಬಂದದ್ದು ಸಾವಿನ ಸುದ್ದಿ ಮಾತ್ರ. ಅವನ ಜಗುಲಿಯ ಮೇಲೆ ಊರವರು ಸೇರಿದ್ದರು, ಎಲ್ಲರ ಮುಖವೂ ಅಳಿವೆಯ ಕಡೆಗೆ. ಒಬ್ಬರು ಉಸಿರುಬಿಟ್ಟು ಹೇಳಿದರು: “ಪಾಪ, ಅವತ್ತು ಅವ ದಾರಿ ತಪ್ಪಿಸ್ಬಾರ್ದಾಗಿತ್ತು.”

“ದಾರಿ ತಪ್ಪಿಸ್ಲಿಲ್ಲ. ದಿಬ್ಬ ಜಾಗ ಬದಲ್ಸಿತ್ತು,” ಎಂದೆ.

“ಹೌದನಾ? ನಿಂಗೆ ಹೆಂಗೆ ಗೊತ್ತು?”

ಚಿತ್ರ ಮನೆಯಲ್ಲೇ ಇತ್ತು, ಇನ್ನೂ ತೆರೆಯದೆ.

“ಗಣಪಣ್ಣ ಹೇಳಿದ್ದ,” ಎಂದೆ.