ಮಹದೇವಮ್ಮ ಟೀಚರ್ ಮತ್ತು ಕೆಂಪು ಚುಕ್ಕಿ

ಮಹದೇವಮ್ಮ ಟೀಚರ್ ಯಾರ ಮನೆಗೆ ಹೋದರೂ ಮೊದಲು ಹಿಡಿಯುತ್ತಿದ್ದುದು ಮಗುವಿನ ರಟ್ಟೆಯನ್ನು. ಹೆಬ್ಬೆರಳನ್ನೂ ನಡುಬೆರಳನ್ನೂ ಬಳೆಯ ಹಾಗೆ ಮಾಡಿ ರಟ್ಟೆಗೆ ತೊಡಿಸಿ ನೋಡುವಳು. ಬೆರಳು ಸಲೀಸಾಗಿ ಕೂಡಿತೆಂದರೆ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ಮದುವೆಮನೆಯ ಪಂಕ್ತಿಯಲ್ಲೂ ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ಎಲೆಯ ಮುಂದೆ ಕೂತವಳು ಪಾಯಸ ಬಿಟ್ಟು ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಕೂಸಿನ ರಟ್ಟೆ ಹಿಡಿದು ಕೂತಿದ್ದಳು. ಆ ಹೆಂಗಸು ರೇಗಿ, "ಉಣ್ಣಕ್ ಬಂದಿದ್ದೀಯೋ, ಮಕ್ಳ ಯಾಪಾರಕ್ ಬಂದಿದ್ದೀಯೋ?" ಅಂದಳು. ಟೀಚರಿಗೆ ಅದೆಲ್ಲ ನಾಟುತ್ತಿರಲಿಲ್ಲ.

ನಮ್ಮೂರ ಅಂಗನವಾಡಿಯಲ್ಲಿ ಅವಳದು ಹದಿನಾರು ವರ್ಷದ ಕೆಲಸ. ಹುಟ್ಟಿದ್ದು ರಾವಂದೂರಿನ ಕಡೆ. ಗಂಡ ಸತ್ತ ಮೇಲೆ ನಮ್ಮೂರಿಗೆ ಬಂದವಳು. ಕುಳ್ಳಿ, ಕಪ್ಪಗೆ, ಧ್ವನಿ ಮಾತ್ರ ಹೊಲದಾಚೆಗೂ ಕೇಳುವಂಥದ್ದು. ಮೊದಲೆಲ್ಲ ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಸರ್ಕಾರ ಫೋನು ಕೊಟ್ಟಿತು. ಮಗುವಿನ ತೂಕ, ಎತ್ತರ ಒತ್ತಿದರೆ ಫೋನೇ ಲೆಕ್ಕ ಹಾಕಿ ಚುಕ್ಕಿ ತೋರಿಸುತ್ತದೆ. ಹಸಿರು ಬಂದರೆ ಮಗು ಚೆನ್ನಾಗಿದೆ. ಹಳದಿ ಬಂದರೆ ಹುಷಾರು. ಕೆಂಪು ಬಂದರೆ ಮಗು ಅಪಾಯದಲ್ಲಿದೆ ಅಂತ. ಅದಕ್ಕೆ ಹಾಲು, ಮೊಟ್ಟೆ ಹೆಚ್ಚು ಕೊಡಬೇಕು, ಡಾಕ್ಟರಿಗೆ ತೋರಿಸಬೇಕು, ತೀರಾ ಸೊರಗಿದ್ದರೆ ತಾಯಿಯನ್ನೂ ಸೇರಿಸಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಸಾಕಬೇಕು.

ನಮ್ಮ ಕಡೆ ಕೂಸನ್ನು ತಕ್ಕಡಿಗೆ ಹಾಕಿದರೆ ದೃಷ್ಟಿಯಾಗಿ ಇಳಿದುಹೋಗುತ್ತದೆ ಅನ್ನುತ್ತಾರೆ. ನಾನೂ ಅಂದವಳೇ. ಅದಕ್ಕೆ ಟೀಚರ್ ಹೇಳಿದ್ದು, "ಸಂತೇಲಿ ಕೋಳಿ ಕೊಳ್ಳುವಾಗ ಎರಡ್ ಸಲ ತೂಗುಸ್ತೀಯಲ್ಲ ದೇವೀರಕ್ಕ, ಮೊಮ್ಮಗಳು ಕೋಳಿಗಿಂತ ಕಡೆನಾ?" ಕೂಸನ್ನು ತಂದು ತಕ್ಕಡಿಗೆ ಹಾಕಿದೆ. ಯಾರಿಗೂ ಬಾಯಿ ಬಾರದ ಹಾಗೆ ಮಾತಾಡುವುದೇ ಅವಳ ಕಸುಬು.

ಅವಳ ಎರಡು ಪದ್ಧತಿ ಇಲ್ಲಿ ಹೇಳಬೇಕು. ತೂಗುವಾಗ ಮಗುವಿನ ಮೈಮೇಲೆ ಒಂದು ನೂಲೂ ಇರುವಂತಿರಲಿಲ್ಲ. ಚಳಿಗಾಲದಲ್ಲಿ ಕೋಣೆಗೆ ಕೆಂಡದ ಬಾಂಡಲಿ ಇಟ್ಟು ಬೆಚ್ಚಗೆ ಮಾಡಿ ಬಟ್ಟೆ ಬಿಚ್ಚಿಸುತ್ತಿದ್ದಳು. ಇನ್ನೊಂದು, ಚುಕ್ಕಿ ಯಾವ ಬಣ್ಣದ್ದು ಅಂತ ಮಗುವಿನ ತಾಯಿಗೆ ಬಿಟ್ಟು ಬೇರೆಯವರಿಗೆ ತೋರಿಸುತ್ತಿರಲಿಲ್ಲ. ಫೋನನ್ನು ಸೆರಗಿನೊಳಗೆ ಎದೆಗೆ ಅವುಚಿಕೊಂಡು, ತಾಯಿಯನ್ನು ಹಿತ್ತಲಿಗೆ ಕರೆದೊಯ್ದು ಹೇಳುವಳು. ಏನು ಗುಟ್ಟು ಅಂತ ಕೇಳಿದ್ದೆ. "ಬಡವ್ರ ಮನೆ ಮಡಕೆ ಒಳಗೆ ಏನದೆ ಅಂತ ಊರಿಗೆಲ್ಲ ತೋರುಸ್ತಾರೇನಕ್ಕ?" ಅಂದಳು.

ಈ ಎರಡನ್ನೂ ಮುರಿದವರು ಮೇಲಿನವರು. ಮೂರನೆಯದೊಂದಿತ್ತು, ತೂಕದಲ್ಲಿ ಮೋಸ ಕೂಡದು ಅಂತ. ಅದನ್ನು ಮುರಿದವಳು ನಾನು.

ನನ್ನ ಸೊಸೆ ಸವಿತ ಬೀಚನಹಳ್ಳಿ ಹತ್ತಿರ ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಜೀಪಿಗೆ ಹೋದರೆ ಸಂಜೆಗೆ ಬರುವುದು. ಅವಳ ಮಗಳು ಧನ್ಯ ನನ್ನ ಸುಪರ್ದಿಯಲ್ಲಿ. ಎರಡು ವರ್ಷ ತುಂಬಿತ್ತು. ಉಣ್ಣುತ್ತಿರಲಿಲ್ಲ. ನನಗೆ ಹೊಲ, ದನ, ಒಲೆ. ಅಂಗಡಿಯ ಬಿಸ್ಕತ್ತು ಕೈಗೆ ಕೊಟ್ಟರೆ ಸುಮ್ಮನಿರುತ್ತಿತ್ತು, ಕೊಟ್ಟೆ. ದಿನಾ ಕೊಟ್ಟೆ. ಚುಕ್ಕಿ ಕೆಂಪಾಯಿತು. ಟೀಚರ್ ಸವಿತಳನ್ನು ಹಿತ್ತಲಿಗೆ ಕರೆದು ಹೇಳಿದಳು. ಡಾಕ್ಟರಿಗೆ ತೋರಿಸೋಣ ಅಂದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾವೂ ಹೋಗುತ್ತಿದ್ದೆವೋ ಏನೋ.

ಆ ವಾರವೇ ಸೂಪರ್‌ವೈಸರ್ ಮೇಡಂ ತಾಯಂದಿರ ಸಭೆ ಮಾಡಿದರು. ನಲವತ್ತು ಹೆಂಗಸರ ಎದುರಿಗೆ ಫೋನು ಹಿಡಿದು ಕೆಂಪು ಮಕ್ಕಳ ಹೆಸರನ್ನು ಗಟ್ಟಿಯಾಗಿ ಓದಿದರು. ಟೀಚರ್ ಎದ್ದು, "ಮೇಡಂ, ಎಸ್ರು ಬ್ಯಾಡಿ" ಅಂದರೂ ಓದಿದರು. ನಮ್ಮ ಧನ್ಯಳ ಹೆಸರು ಬಂದದ್ದೇ ಪಕ್ಕದ ಮನೆಯ ಗೌರಿ ಸೆರಗು ಬಾಯಿಗೆ ಅಡ್ಡ ಹಿಡಿದು, "ಮನೆ ತುಂಬ ರಾಗಿ ಇಟ್ಕಂಡು ಕೂಸಿಗ್ ಉಣ್ಣಕ್ ಇಕ್ಕಕ್ಕಿಲ್ವಂತಲ್ಲೇ ದೇವೀರಿ" ಅಂದಳು. ಎಲ್ಲರೂ ನಕ್ಕರು. ನಾನು ಅಲ್ಲಿಂದ ಎದ್ದು ಬಂದೆ. ಬರುವಾಗಲೇ ತೀರ್ಮಾನ ಮಾಡಿದ್ದೆ, ಮುಂದಿನ ಸಲ ನಮ್ಮ ಮನೆಯ ಚುಕ್ಕಿ ಹಸಿರಾಗಬೇಕು ಅಂತ.

ಮಗುವನ್ನು ಹಸಿರು ಮಾಡಬೇಕು ಅಂತ ಅಂದುಕೊಳ್ಳಲಿಲ್ಲ, ನೋಡಿ. ಚುಕ್ಕಿಯನ್ನು.

ಮುಂದಿನ ತೂಕದ ದಿನ ಮೇಡಂ ತಾವೇ ನಿಂತಿದ್ದರು. ತೂಗುವ ಫೋಟೋ ಮೇಲಕ್ಕೆ ಕಳಿಸಬೇಕಂತೆ. ಟೀಚರ್ ಎಂದಿನ ಹಾಗೆ ಮೊದಲ ಮಗುವಿನ ಅಂಗಿ ಬಿಚ್ಚಲು ಹೋದರೆ, "ಬೆತ್ತಲೆ ಫೋಟೋ ಕಳಿಸ್ತೀರೇನ್ರಿ? ಬಟ್ಟೆ ಇರಲಿ, ಬೇಗ ಮುಗಿಸಿ" ಅಂದರು. ಈ ಮಾತು ಬರುತ್ತದೆ ಅಂತ ಹಿಂದಿನ ದಿನ ಪಕ್ಕದೂರಿನ ಅಂಗನವಾಡಿಯಿಂದ ನಮಗೆ ಸುದ್ದಿ ಸಿಕ್ಕಿತ್ತು. ನಾನು ತಯಾರಾಗಿಯೇ ಹೋಗಿದ್ದೆ. ನಮ್ಮತ್ತೆಯ ಬೆಳ್ಳಿ ಡಾಬನ್ನು ಧನ್ಯಳ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಮೇಲೆ ಬಟ್ಟೆ ಬಿಗಿದು, ಅದರ ಮೇಲೆ ಫ್ರಾಕು, ಫ್ರಾಕಿನ ಮೇಲೆ ಎರಡು ಉಣ್ಣೆ ಸ್ವೆಟರು. ಕಾಲಿಗೆ ದಪ್ಪ ಕಡಗ. ಕೂಸು ಭಾರಕ್ಕೆ ನಿಲ್ಲಲಾರದೆ ಅಳುತ್ತಿತ್ತು.

ತೂಕ ನೋಡಿದ ಟೀಚರ್ ಫೋನು ಒತ್ತಲಿಲ್ಲ. ಸ್ವೆಟರಿನ ತೋಳು ಮೇಲೆತ್ತಿ ರಟ್ಟೆಗೆ ಬೆರಳು ತೊಡಿಸಿದಳು. "ತೂಕ ಒಂದ್ ಯೋಳ್ತದೆ, ರಟ್ಟೆ ಒಂದ್ ಯೋಳ್ತದೆ. ಮೇಡಂ, ಇದೊಂದು ಮಗು ಬಟ್ಟೆ ಬಿಚ್ಚಿ ಇನ್ನೊಂದ್ ಸಲ..."

"ನೀವು ಡಾಕ್ಟರಾ? ಮಿಷನ್ ಸುಳ್ಳು ಹೇಳುತ್ತಾ? ಒತ್ತಿ!"

ಒತ್ತಿದಳು. ಹಸಿರು ಬಂತು. ನಾನು ಗೌರಿಯ ಮುಖ ನೋಡಿಕೊಂಡು ಮನೆಗೆ ಬಂದೆ. ಹಸಿರು ಬಂದ ಮಗುವಿಗೆ ಹೆಚ್ಚಿನ ಹಾಲು, ಮೊಟ್ಟೆ ನಿಂತಿತು. ಡಾಕ್ಟರ ಪಟ್ಟಿಯಿಂದ ಹೆಸರು ಹೋಯಿತು.

ಆರನೆಯ ದಿನ ಧನ್ಯಳಿಗೆ ವಾಂತಿ, ಭೇದಿ ಹತ್ತಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು ಕುತ್ತಿಗೆ ನಿಲ್ಲದಾಯಿತು. ಸವಿತ ಕೆಲಸದಲ್ಲಿದ್ದಳು. ಯಾರು ಹೇಳಿದರೋ, ಟೀಚರ್ ಓಡಿ ಬಂದಳು. ಒದ್ದೆ ಬಟ್ಟೆ ಬದಲಿಸಲು ಫ್ರಾಕು ಎತ್ತಿದರೆ ಸೊಂಟದ ಸುತ್ತ ಡಾಬಿನ ಅಂಚು ಕೊರೆದ ಗಾಯ ಹಕ್ಕಳೆಗಟ್ಟಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಆಟೋ ಕರ್ಯಕ್ಕ" ಅಂದಳು, ಅಷ್ಟೇ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಮೇಜಿನ ಹಿಂದೆ ಕೂತಿದ್ದವರು ಮಗುವಿಗಿಂತ ಮೊದಲು ಪರದೆ ನೋಡಿದರು. "ಇದು ಹಸಿರು ಮಗು. ಸಾಕುವ ವಾರ್ಡಿಗೆ ಇದರ ಹೆಸರೇ ಬಂದಿಲ್ಲ. ಉಪ್ಪು ಸಕ್ಕರೆ ನೀರು ಕುಡಿಸಿ, ಸರಿ ಹೋಗುತ್ತೆ" ಅಂದರು.

"ಸಾರ್, ಅದನ್ನ ಆಮೇಲ್ ನೋಡಿ. ಮೊದ್ಲು ಕೂಸ್ ನೋಡಿ. ನಿಮ್ ಕಾಲಿಗ್ ಬೀಳ್ತೀನಿ, ಬಟ್ಟೆ ಬಿಚ್ಚಿ ತೂಗಿ. ಫೋನಲ್ಲಿರೋದು ಸುಳ್ಳು" ಅಂದಳು ಟೀಚರ್.

"ಸುಳ್ಳು ತುಂಬಿದವರು ಯಾರಮ್ಮ?"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಇತ್ತು, ನಾಲಿಗೆಯೂ ಇತ್ತು. ಟೀಚರ್ ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ಸಾರ್. ನಾನೇ ತುಂಬಿದ್ದು. ಈಗ ತೂಗಿ."

ತೂಗಿದರು. ಆಮೇಲೆ ಎಲ್ಲರೂ ಓಡಾಡಿದರು. ಸೂಜಿ ಚುಚ್ಚಲು ನರ ಸಿಗದೆ ತಲೆಗೆ ಚುಚ್ಚಿದರು. ಇನ್ನು ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂತ ಸಂಜೆ ಓಡಿ ಬಂದ ಸವಿತಳಿಗೆ ಡಾಕ್ಟರಮ್ಮ ಹೇಳಿದರು. ಹದಿನಾಲ್ಕು ದಿನ ಇಟ್ಟುಕೊಂಡರು. ಕೂಸು ಉಳಿಯಿತು.

ಟೀಚರ್ ನಮ್ಮೂರಲ್ಲಿ ಉಳಿಯಲಿಲ್ಲ. "ನಾನೇ" ಅಂದ ಒಂದು ಮಾತನ್ನು ಆಸ್ಪತ್ರೆಯವರು ಕಾಗದಕ್ಕೆ ಹಾಕಿ ಆಫೀಸಿಗೆ ಕಳಿಸಿದ್ದರು. ಸುಳ್ಳು ಮಾಹಿತಿ ತುಂಬಿದ್ದಕ್ಕೆ ನೋಟೀಸು ಬಂತು. ಬಟ್ಟೆ ಇರಲಿ ಅಂದ ಮೇಡಂ, ಒತ್ತಿ ಅಂದ ಮೇಡಂ, ಆ ನೋಟೀಸಿಗೆ ತಾವೇ ಸಹಿ ಹಾಕಿ ತಂದುಕೊಟ್ಟರು. ನಾಚಿಕೆಗೆಟ್ಟವರು. ನಾನು ಮಾತ್ರ ಏನು ಕಡಿಮೆ? ಹತ್ತು ದಿನ ಸುಮ್ಮನಿದ್ದೆ.

ಹನ್ನೊಂದನೆಯ ದಿನ ಬಸ್ಸು ಹತ್ತಿ ಆಫೀಸಿಗೆ ಹೋದೆ. ಡಾಬು ಕಟ್ಟಿದವಳು ನಾನು, ಟೀಚರ್ ಬೇಡ ಅಂದರೂ ಒತ್ತಿಸಿದ್ದು ಮೇಡಂ, ಅಂತ ದೊಡ್ಡ ಸಾಹೇಬರ ಎದುರಿಗೇ ಹೇಳಿದೆ. ಮೇಡಂ ಅಲ್ಲೇ ಕೂತು ನೆಲ ನೋಡುತ್ತಿದ್ದರು. ಸಾಹೇಬರು ಕನ್ನಡಕ ತೆಗೆದು, "ಅಜ್ಜಿ, ಟೀಚರೇ ಒಪ್ಪಿಕೊಂಡಿದ್ದಾರೆ, ಫೈಲ್ ಮುಗೀತು. ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳಲ್ಲ, ಮನೆಗೆ ಹೋಗಿ" ಅಂದರು.

"ಮೊಮ್ಮಗಳು ಚೆನ್ನಾಗವ್ಳೆ ಸ್ವಾಮಿ, ಅವ್ಳನ್ನ ಉಳ್ಸಿದೋಳ್ಗೆ ನೀವ್ ಶಿಕ್ಷೆ ಕೊಟ್ಟಿದ್ದೀರಿ" ಅಂದೆ. ಪ್ಯೂನ್ ಬಾಗಿಲು ತೋರಿಸಿದ.

ಅವಳನ್ನು ಎನ್. ಬೇಗೂರಿನಾಚೆ, ಕಾಡಂಚಿನ ಒಂದು ಅಂಗನವಾಡಿಗೆ ಹಾಕಿದರು. ನಮ್ಮೂರಿಗೆ ಹೊಸಬಳು ಬಂದಿದ್ದಾಳೆ. ಒಳ್ಳೆ ಹುಡುಗಿ, ಹೆದರುಪುಕ್ಕಿ. ಬಟ್ಟೆ ಬಿಚ್ಚಿಸುವುದಿಲ್ಲ. ಈಗ ನಮ್ಮೂರಲ್ಲಿ ಒಂದೂ ಕೆಂಪು ಚುಕ್ಕಿ ಇಲ್ಲವಂತೆ. ಮೇಡಂಗೆ ಶಾಲು ಹೊದಿಸಿದರಂತೆ. ಬೀದಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ, ಎಷ್ಟು ಮಕ್ಕಳ ಕಾಲು ಕೋಲಾಗಿವೆ ಅಂತ. ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ಧನ್ಯ ಅಪಾಯದಲ್ಲಿದ್ದಾಳೆ ಅಂತ ಅದು ಮೊದಲೇ ಸರಿಯಾಗಿ ಹೇಳಿತ್ತು. ಕೇಳಲು ಮನಸ್ಸಿಲ್ಲದವರು ಮನುಷ್ಯರು.

ಹೋದ ವರ್ಷ ಎರಡು ಬಸ್ಸು ಬದಲಿಸಿ ಅವಳನ್ನು ನೋಡಲು ಹೋಗಿದ್ದೆ. ಕೂದಲು ಪೂರ್ತಿ ನರೆತಿತ್ತು. ನನ್ನನ್ನು ಕಂಡು, "ಏನ್ ದೇವೀರಕ್ಕ, ಇಷ್ಟ್ ದೂರ? ಕಾಲ್ನೋವು ವಾಸಿಯಾಯ್ತಾ?" ಅಂತ ಒಳಗೆ ಕರೆದು ಮಕ್ಕಳ ಜೊತೆಗೇ ಕೂರಿಸಿ ಅನ್ನ ಸಾಂಬಾರು ಬಡಿಸಿದಳು. ಉಂಡ ಮೇಲೆ ಕೇಳಿದೆ, ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ ಅಂತ.

"ನಿನ್ ಎಸ್ರು ಯೋಳಿದ್ರೆ ಅವ್ರು ನಿನ್ ಇಚಾರಣೆ ಮಾಡ್ಕಂಡ್ ಕೂರೋರು. ಕೂಸ್ಗೆ ಅಷ್ಟ್ ಹೊತ್ತಿತ್ತಾ?"

"ತಪ್ಪಾಯ್ತು ಕಣ್ ಟೀಚರಮ್ಮ."

ಅವಳಿಗೆ ಸಿಟ್ಟು ಬಂತು. ನನ್ನ ಮೇಲೆ ಅವಳು ಸಿಟ್ಟಾದದ್ದು ಅದೊಂದೇ ಸಲ. "ನಂಗ್ಯಾಕ್ ಯೋಳ್ತೀಯ? ನಂಗೇನ್ ಮಾಡ್ದೆ ನೀನು? ಆ ಎಣ್ಮಗ ದೊಡ್ಡೋಳಾಗ್ಲಿ, ಅವ್ಳ್ಗೆ ಯೋಳು. ಇಲ್ದಿದ್ರೆ ಬ್ಯಾಡ ಬುಡು."

ಬಸ್ಸಿನವರೆಗೆ ಬಂದು ಹತ್ತಿಸಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ. ಈ ಬೇಸಿಗೆಯಲ್ಲಿ ಎದೆನೋವು ಬಂದು ಹೋದಳು ಅಂತ ಸುದ್ದಿ ಬಂತು. ಮಣ್ಣಿಗೆ ಹೋಗಲೂ ಆಗಲಿಲ್ಲ.

ಧನ್ಯ ಈಗ ಸ್ಕೂಲಿಗೆ ಹೋಗುತ್ತಾಳೆ. ಎದುರಿಗೆ ಕೂರಿಸಿಕೊಂಡು ಹೇಳೋಣ ಅಂತ ಎರಡು ಸಲ ನೋಡಿದೆ, ಆಗಲಿಲ್ಲ. ನಾಲ್ಕನೇ ಕ್ಲಾಸಿನ ಓದಿನಲ್ಲಿ ನನಗೆ ಬಂದಷ್ಟು ಇಲ್ಲಿ ಬರೆದಿದ್ದೇನೆ. ಅವಳಿಗೆ ಅಕ್ಷರ ಕೂಡಿಸಿ ಓದುವುದು ಬಂದಿದೆ.